ಬ್ರಷ್ ಕಟರ್‌ನ ಹಗ್ಗ ಹಿಂದಕ್ಕೆ ಸುತ್ತಿಕೊಳ್ಳುತ್ತಿಲ್ಲ: ಮನೆಯಲ್ಲೇ ಸರಿಪಡಿಸಬಹುದೇ?

ಪ್ರಶ್ನೆ – ತೋಟದಂಚು:
ಮಾನ್ಯರೇ, ಅಡಿಕೆ ತೋಟದ ಕಳೆ ಹೊಡೆಯಲು ನಾಲ್ಕು ವರ್ಷಗಳಿಂದ ಬಳಸುತ್ತಿರುವ ನಮ್ಮ 52 ಸಿಸಿ ಟೂ-ಸ್ಟ್ರೋಕ್ ಬ್ರಷ್ ಕಟರ್‌ನ ಸ್ಟಾರ್ಟರ್ ಹಗ್ಗ ನಿನ್ನೆ ಎಳೆದಾಗ ಪೂರ್ತಿ ಹೊರಬಂದು ಹಾಗೆಯೇ ಜೋತುಬಿದ್ದಿದೆ. ಹಿಡಿಯ ಹತ್ತಿರ ಹಗ್ಗ ಎಳೆಎಳೆಯಾಗಿಯೂ ಇದೆ. ಮಳೆಗಾಲದಲ್ಲಿ ಪೇಟೆಯ ರಿಪೇರಿ ಅಂಗಡಿಯವರು ಹದಿನೈದು ದಿನ ಕಾಯಿರಿ ಎನ್ನುತ್ತಾರೆ. ಅಷ್ಟರಲ್ಲಿ ಕಳೆ ಮೊಣಕಾಲು ದಾಟುತ್ತದೆ. ನಾನೇ ಬಿಚ್ಚಬಹುದೇ?

ಉತ್ತರ – ಹಳೆಯ ಇಕ್ಕಳ:
ಧಾರಾಳವಾಗಿ ಬಿಚ್ಚಬಹುದು, ಆದರೆ ಒಳಗಿನ ಸುರುಳಿ ಸ್ಪ್ರಿಂಗಿನ ಬಗ್ಗೆ ಎಚ್ಚರವಿರಲಿ. ಅದು ಚಿಮ್ಮಿದರೆ ಕೈ ಕೊಯ್ಯುತ್ತದೆ, ಕಣ್ಣಿಗೆ ಬಿದ್ದರೆ ಕೇಳುವುದೇ ಬೇಡ. ಕನ್ನಡಕವನ್ನೂ ದಪ್ಪ ಕೈಗವಸನ್ನೂ ಹಾಕಿಕೊಳ್ಳಿ. ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನ ಟೋಪಿಯನ್ನು ಕಿತ್ತಿಡಿ. ಸ್ಟಾರ್ಟರ್‌ನ ಮುಚ್ಚಳವನ್ನು ಹಿಡಿದಿರುವ ಸ್ಕ್ರೂಗಳನ್ನು ತೆಗೆದರೆ ಹಗ್ಗ ಸುತ್ತುವ ರಾಟೆಯೊಂದಿಗೆ ಅದು ಇಡಿಯಾಗಿ ಕೈಗೆ ಬರುತ್ತದೆ. ರಾಟೆಯಲ್ಲಿ ಬಿಗಿ ಉಳಿದಿದ್ದರೆ ಅದನ್ನು ನಿಧಾನವಾಗಿ ಪೂರ್ತಿ ಸಡಿಲಿಸಿದ ಮೇಲೆಯೇ ನಡುವಿನ ಸ್ಕ್ರೂ ಬಿಚ್ಚಿ, ಸ್ಪ್ರಿಂಗ್ ಮುಚ್ಚಳದಲ್ಲೇ ಉಳಿಯುವಂತೆ ರಾಟೆಯನ್ನು ಅಲ್ಲಾಡಿಸುತ್ತ ಎತ್ತಿ.

ಹಗ್ಗ ಹಿಂದಕ್ಕೆ ಹೋಗದಿರಲು ಸ್ಪ್ರಿಂಗ್ ಮುರಿದಿರಬಹುದು, ಅದರ ಒಳತುದಿಯ ಕೊಕ್ಕೆ ರಾಟೆಯಿಂದ ತಪ್ಪಿರಬಹುದು, ಇಲ್ಲವೇ ಹುಲ್ಲಿನ ಪುಡಿಯೂ ಕೆಸರೂ ಸೇರಿ ರಾಟೆ ಕಚ್ಚಿಕೊಂಡಿರಬಹುದು. ಕೊಕ್ಕೆ ಮಾತ್ರ ನೇರವಾಗಿದ್ದರೆ ಆ ತುದಿಯನ್ನಷ್ಟೇ ಕೆಂಪಗೆ ಕಾಯಿಸಿ ಇಕ್ಕಳದಿಂದ ಬಗ್ಗಿಸಬಹುದು. ಕಾಯಿಸದೆ ಬಗ್ಗಿಸಿದರೆ ಅದು ಪಟ್ಟನೆ ಮುರಿಯುತ್ತದೆ. ನಡುವೆಯೇ ತುಂಡಾಗಿದ್ದರೆ ಹೊಸದನ್ನೇ ಹಾಕಬೇಕು.

ಜೋಡಿಸುವಾಗ ಹಗ್ಗವನ್ನು ರಾಟೆಗೆ ಸುತ್ತಿ, ಒಂದು ಕುಣಿಕೆಯನ್ನು ರಾಟೆಯಂಚಿನ ಕಚ್ಚಿನಲ್ಲಿ ಹಿಡಿದು, ಹಗ್ಗ ಎಳೆದಾಗ ರಾಟೆ ಯಾವ ಕಡೆ ತಿರುಗುತ್ತದೆಯೋ ಅದೇ ಕಡೆಗೆ ಎರಡು-ಮೂರು ಸುತ್ತು ತಿರುಗಿಸಿ, ಅನಂತರ ಹಗ್ಗವನ್ನು ಒಳಕ್ಕೆ ಬಿಡಿ. ಬಹಳ ಜನ ತಪ್ಪುವುದು ಇದರ ಮುಂದಿನ ಪರೀಕ್ಷೆಯಲ್ಲಿ: ಹಗ್ಗವನ್ನು ಪೂರ್ತಿ ಎಳೆದು ಹಿಡಿದಾಗಲೂ ರಾಟೆಯನ್ನು ಕೈಯಿಂದ ಇನ್ನೂ ಅರ್ಧ ಸುತ್ತಾದರೂ ತಿರುಗಿಸಲು ಬರಬೇಕು. ಬಾರದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಒಂದು ಸುತ್ತು ಕಡಿಮೆ ಮಾಡಿ, ಇಲ್ಲವಾದರೆ ಸ್ಪ್ರಿಂಗ್ ಬೇಗ ಮುರಿಯುತ್ತದೆ.

ಉತ್ತರ – ಕಾಫಿ ಕಣ:
ಹಗ್ಗದ ವಿಷಯದಲ್ಲಿ ಒಂದು ಮಾತು. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗವನ್ನು ಕಟ್ಟಿ ನಾನು ಒಂದೇ ವಾರದಲ್ಲಿ ಪೆಟ್ಟು ತಿಂದಿದ್ದೇನೆ. ಹೆಣೆದ ನೈಲಾನ್ ಸ್ಟಾರ್ಟರ್ ಹಗ್ಗವೇ ಬೇಕು, ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದ. ದಪ್ಪ ಹೆಚ್ಚಾದರೆ ಅದು ರಾಟೆಯಲ್ಲಿ ಹಿಡಿಸದೆ ಸಿಕ್ಕಿಕೊಳ್ಳುತ್ತದೆ. ತುದಿಗಳನ್ನು ಬೆಂಕಿಯಲ್ಲಿ ಕರಗಿಸಿಕೊಂಡರೆ ಎಳೆ ಬಿಚ್ಚುವುದಿಲ್ಲ.

ಉತ್ತರ – ಹಳೆಯ ಇಕ್ಕಳ:
ಒಪ್ಪುತ್ತೇನೆ. ಮುಚ್ಚಳ ಬಿಚ್ಚಿದಾಗಲೇ ಎಂಜಿನ್ನನ್ನೂ ಕೈಯಿಂದ ತಿರುಗಿಸಿ ನೋಡಿ. ಪ್ಲಗ್ ಕಳಚಿದ ಮೇಲೂ ಅದು ತಿರುಗದಿದ್ದರೆ ತೊಂದರೆ ಸ್ಟಾರ್ಟರ್‌ನದ್ದಲ್ಲ, ಪಿಸ್ಟನ್ ಕಚ್ಚಿಕೊಂಡಿರಬಹುದು. ಆಗ ಹದಿನೈದು ದಿನ ಕಾಯುವುದೇ ಸರಿ.

ಪ್ರಶ್ನೆ ಕೇಳಿದವರು – ತೋಟದಂಚು:
ಇಬ್ಬರಿಗೂ ಧನ್ಯವಾದಗಳು. ಎಂಜಿನ್ ಸಲೀಸಾಗಿ ತಿರುಗಿತು. ಸ್ಪ್ರಿಂಗಿನ ಒಳತುದಿ ನೇರವಾಗಿ ರಾಟೆಯಿಂದ ಜಾರಿತ್ತು. ಕಾಯಿಸಿ ಬಗ್ಗಿಸಿದೆ, ಹೊಸ ಹಗ್ಗವನ್ನೂ ಹಾಕಿದೆ. ಎರಡು ಸುತ್ತು ತಿರುಗಿಸಿದಾಗ ಹಿಡಿ ಸ್ವಲ್ಪ ಜೋತಾಡುತ್ತಿತ್ತು, ಮೂರಕ್ಕೆ ನೆಟ್ಟಗೆ ಕೂತಿತು, ಅರ್ಧ ಸುತ್ತಿನ ಪರೀಕ್ಷೆಯಲ್ಲೂ ತೇರ್ಗಡೆಯಾಯಿತು. ಹಗ್ಗ ಎಳೆದ ಮೇಲೆ ಹಿಡಿಯನ್ನು ಫಟ್ಟನೆ ಕೈಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ಕೊಕ್ಕೆ ಜಾರಲು ಅದೂ ಕಾರಣವೇ?

ಉತ್ತರ – ಹಳೆಯ ಇಕ್ಕಳ:
ಕಾರಣವಾಗಿರಬಹುದು. ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡು ಹಗ್ಗವನ್ನು ಒಳಕ್ಕೆ ಕಳಿಸಬೇಕು. ಎಳೆಯುವಾಗಲೂ ಮೊದಲು ಮೆಲ್ಲಗೆ ಎಳೆದು, ಎಂಜಿನ್ ತಡೆಯೊಡ್ಡುವುದು ಕೈಗೆ ತಿಳಿದ ಮೇಲೆ ಜೋರಾಗಿ ಎಳೆಯಿರಿ, ಆದರೆ ಹಗ್ಗದ ಕೊನೆಯವರೆಗೆ ಬೇಡ. ಕಾಯಿಸಿದ ತುದಿ ಮೊದಲಿನಷ್ಟು ಗಟ್ಟಿಯಿರುವುದಿಲ್ಲವಾದ್ದರಿಂದ ಪೇಟೆಗೆ ಹೋದಾಗ ಒಂದು ಹೊಸ ಸ್ಪ್ರಿಂಗ್ ತಂದಿಟ್ಟುಕೊಳ್ಳಿ.