ಲೇಕರ್ಸ್‌ಗೆ ಸೆಂಟರ್ ಯಾರು? ಏಟನ್‌ನ ಕರೆಯೋದಾ, ಪಿಕ್ ಕೊಟ್ಟು ಕೆಸ್ಲರ್‌ನ ಕೇಳೋದಾ?

ಗೋಕುಲರೋಡ್_ಲೇಕರ್, ಹುಬ್ಬಳ್ಳಿ
30 ಜೂನ್ 2025, ಸಂಜೆ

ನಾಳೆ ನಸುಕಿನ 3.30ಕ್ಕೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಫ್ರೀ ಏಜೆನ್ಸಿ, ಅಂದರೆ ಕಾಂಟ್ರಾಕ್ಟ್ ಇಲ್ಲದ ಆಟಗಾರರನ್ನು ತಂಡಗಳು ಕರೆದುಕೊಳ್ಳುವ ಸಮಯ, ಶುರು. ಅಷ್ಟರೊಳಗೆ ನಿಮ್ಮೆಲ್ಲರನ್ನು ಒಂದು ಮಾತು ಕೇಳಬೇಕು. ನಮ್ಮ ಲೇಕರ್ಸ್‌ಗೆ ಸೆಂಟರ್ (ಬುಟ್ಟಿ ಹತ್ತಿರ ಆಡುವ ಎತ್ತರದವನು) ಬೇಕು ಅನ್ನುವುದರಲ್ಲಿ ಯಾರದೂ ತಕರಾರಿಲ್ಲ. ಯಾರು, ಏನು ಕೊಟ್ಟು ತರೋದು ಅನ್ನುವುದೇ ಪ್ರಶ್ನೆ.

ಫೆಬ್ರವರಿಯಲ್ಲಿ ಆಂಥನಿ ಡೇವಿಸ್‌ನನ್ನು ಡಾಲಸ್‌ಗೆ ಕೊಟ್ಟು ಲೂಕಾ ಡಾನ್ಚಿಚ್‌ನನ್ನು ತಂದರು. ಆ ಟ್ರೇಡ್ ಬಗ್ಗೆ ನನಗೆ ಈಗಲೂ ಖುಷಿಯೇ. ಆದರೆ ರಿಮ್ (ಬುಟ್ಟಿಯ ಬಳೆ) ಕಾಯುವವರು ಯಾರೂ ಉಳಿಯಲಿಲ್ಲ. ಮಾರ್ಕ್ ವಿಲಿಯಮ್ಸ್ ಬರ್ತಾನೆ ಅಂದರು, ಮೆಡಿಕಲ್‌ನಲ್ಲಿ ಆ ಟ್ರೇಡೇ ರದ್ದಾಯಿತು. ಈಗ ಅವನು ಫೀನಿಕ್ಸ್‌ಗೆ ಹೋಗಿದ್ದಾನೆ. ಉಳಿದ ಸೆಂಟರ್ ಜಾಕ್ಸನ್ ಹೇಯ್ಸ್ ಮೇಲೆ ಕೋಚ್ ರೆಡಿಕ್‌ಗೇ ಭರವಸೆ ಇಲ್ಲ. ಪ್ಲೇಆಫ್‌ನಲ್ಲಿ ಮಿನೆಸೋಟ ವಿರುದ್ಧ ನಾಲ್ಕನೇ ಪಂದ್ಯದ ಸೆಕೆಂಡ್ ಹಾಫ್ ಪೂರ್ತಿ ಅದೇ ಐದು ಜನರನ್ನು ಆಡಿಸಿದರು. ಒಬ್ಬನನ್ನೂ ಹೊರಗೆ ಕರೆಯಲಿಲ್ಲ. ಅದರಲ್ಲಿ ಲೆಬ್ರಾನ್‌ಗೆ 40 ವರ್ಷ!

ಐದನೇ ಪಂದ್ಯ ನಮ್ಮಲ್ಲಿ ಮೇ 1ರ ಬೆಳಿಗ್ಗೆ ಬಂತು. ರಜೆ ಇತ್ತು, ಅಂಗಡಿ ತೆರೆಯುವ ಗಡಿಬಿಡಿ ಇರಲಿಲ್ಲ, ಆರಾಮಾಗಿ ಕೂತು ನೋಡಿದೆ. ನೋಡಬಾರದಿತ್ತು. ಮಿನೆಸೋಟದವರು 47 ತ್ರೀ (ದೂರದಿಂದ ಎಸೆಯುವ ಮೂರು ಪಾಯಿಂಟ್ ಶಾಟ್) ಎಸೆದು 7 ಮಾತ್ರ ಹಾಕಿದರು. ಹಾಗೆ ಎಸೆದವರು ಸೋಲಬೇಕು ಅಲ್ವಾ? ಗೆದ್ದರು. ರೂಡಿ ಗೊಬೇರ್ ಒಬ್ಬನೇ 27 ಪಾಯಿಂಟ್, 24 ರೀಬೌಂಡ್. ಮಿಸ್ ಆದ ಬಾಲ್ ಎಲ್ಲಾ ಅವನ ಕೈಗೇ ಹೋಗುತ್ತಿತ್ತು. ಹಿಂದಿನ ವರ್ಷ ಇದೇ ಗೊಬೇರ್‌ನನ್ನು ಎದುರಿಗೆ ನಿಲ್ಲಿಸಿಕೊಂಡು ಲೂಕಾ ಸ್ಟೆಪ್‌ಬ್ಯಾಕ್ ತ್ರೀ ಹಾಕಿ ಪಂದ್ಯ ಗೆಲ್ಲಿಸಿದ್ದ. ಆಗ ಡಾಲಸ್‌ನಲ್ಲಿ ಅವನ ಹಿಂದೆ ಲೈವ್ಲಿ, ಗ್ಯಾಫರ್ಡ್ ಅಂತ ಇಬ್ಬರು ಎತ್ತರದವರಿದ್ದರು. ಇಲ್ಲಿ ಯಾರಿದ್ದಾರೆ?

ನಿನ್ನೆ ಪೋರ್ಟ್‌ಲ್ಯಾಂಡ್‌ನವರು ಡಿಆಂಡ್ರೆ ಏಟನ್‌ಗೆ ಬೈಔಟ್ ಕೊಟ್ಟು, ಅಂದರೆ ಸಂಬಳದ ಬಾಕಿ ಮಾತಾಡಿ ಚುಕ್ತಾ ಮಾಡಿ, ಬಿಟ್ಟುಬಿಟ್ಟರು. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ದಿನ; ಆ ಸರದಿಯೇ ಪಿಕ್) ಮೊದಲನೇ ಪಿಕ್ ಇವನು. ಲೂಕಾ ಮೂರನೆಯವನು. ಕಳೆದ ಸೀಸನ್ 40 ಪಂದ್ಯ ಮಾತ್ರ ಆಡಿದ. ಆಡಿದಾಗ ಸರಾಸರಿ 14 ಪಾಯಿಂಟ್, 10 ರೀಬೌಂಡ್ ಬಂದಿದೆ. ಟ್ರೇಡ್ ಬೇಡ, ಪಿಕ್ ಬೇಡ, ಸಂಬಳ ಕೊಟ್ಟರೆ ಸಾಕು. ನನ್ನ ಮನಸ್ಸು ಇವನ ಕಡೆಗೇ ಇದೆ.

ಬೇರೆ ಹೆಸರೂ ನೋಡಿದ್ದೇನೆ. ಯೂಟಾದ ವಾಕರ್ ಕೆಸ್ಲರ್ ಎಲ್ಲರಿಗಿಂತ ಒಳ್ಳೆಯವನು. 12 ರೀಬೌಂಡ್, ಎರಡಕ್ಕಿಂತ ಜಾಸ್ತಿ ಬ್ಲಾಕ್, ಸಂಬಳವೂ ಕಡಿಮೆ. ಆದರೆ ಅಲ್ಲಿನ ಬಾಸ್ ಡ್ಯಾನಿ ಏಂಜ್ ಜೊತೆ ವ್ಯವಹಾರ ಮಾಡಿ ಜೇಬು ಖಾಲಿ ಆಗದೆ ಬಂದವರನ್ನು ನಾನು ನೋಡಿಲ್ಲ. ಬ್ರೂಕ್ಲಿನ್‌ನ ಕ್ಲ್ಯಾಕ್ಸ್‌ಟನ್‌ಗೆ 2.5 ಕೋಟಿ ಡಾಲರ್ ಸಂಬಳ, ಫ್ರೀ ಥ್ರೋ ನೋಡಿದರೆ ಕಣ್ಣು ಮುಚ್ಚಿಕೊಳ್ಳಬೇಕು. ರಾಬರ್ಟ್ ವಿಲಿಯಮ್ಸ್‌ನ ಮೊಣಕಾಲಿನ ಬಗ್ಗೆ ಮಾತಾಡೋದೇ ಬೇಡ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸಪ್ತಾಪುರ_ಪಾಯಿಂಟ್‌ಗಾರ್ಡ್, ಧಾರವಾಡ

ಅಣ್ಣಾ, ಏಟನ್ ಬೇಡ. ನಂಬರ್ ನೋಡಿ ಮೋಸ ಹೋಗಬೇಡಿ.

ಲೂಕಾ ಆಟ ಎಲ್ಲಾ ಪಿಕ್ ಆಂಡ್ ರೋಲ್ ಮೇಲೆ ನಿಂತಿದೆ (ಈ ಪಿಕ್ ಡ್ರಾಫ್ಟ್‌ದಲ್ಲ, ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ಲುವ ಸ್ಕ್ರೀನ್). ಅದಕ್ಕೆ ಬೇಕಾದ ಸೆಂಟರ್‌ಗೆ ಎರಡೇ ಕೆಲಸ: ಗಟ್ಟಿ ಸ್ಕ್ರೀನ್ ಕೊಡೋದು, ರಿಮ್ ಕಡೆ ಓಡೋದು. ಸ್ಕ್ರೀನ್ ಅಂದರೆ ಸುಮ್ನೆ ಹೋಗಿ ಪಕ್ಕದಲ್ಲಿ ನಿಲ್ಲೋದಲ್ಲ. ಕಾಲು ಅಗಲ ಮಾಡಿ ಊರಬೇಕು, ಕೈ ಎದೆಗೆ ಕಟ್ಟಿಕೊಳ್ಳಬೇಕು, ಡಿಫೆಂಡರ್‌ನ ಭುಜ ಬಂದು ಬಡಿಯುವವರೆಗೂ ಅಲುಗಬಾರದು. ಬಡಿದ ಕೂಡಲೇ ಹಿಮ್ಮಡಿ ಮೇಲೆ ತಿರುಗಿ, ಬಾಲ್ ಕಡೆ ಮುಖ ಇಟ್ಟುಕೊಂಡೇ ಓಡಬೇಕು. ಸಂಜೆ ನಾನು ಆಡಿಸುವ ಹುಡುಗರಲ್ಲಿ ಒಬ್ಬ ಆರಡಿ ಮೂರಿಂಚು ಇದ್ದಾನೆ. ಅವನಿಗೆ ಪೆಟ್ಟು ಬೀಳುತ್ತೆ ಅಂತ ಭಯ, ಅರ್ಧ ಸೆಕೆಂಡ್ ಮೊದಲೇ ಜಾರಿಬಿಡ್ತಾನೆ. ಅಷ್ಟು ಸಾಕು, ನಮ್ಮ ಗಾರ್ಡ್ ಇಬ್ಬರ ನಡುವೆ ಸಿಕ್ಕಿಬೀಳ್ತಾನೆ.

ಏಟನ್ ಮಾಡೋದು ಅದನ್ನೇ. ಮುಟ್ಟಿದ ಹಾಗೆ ಮಾಡಿ ಫ್ರೀ ಥ್ರೋ ಲೈನ್ ಹತ್ತಿರ ನಿಂತು ಬಾಲ್ ಕೇಳ್ತಾನೆ, ಅಲ್ಲಿಂದ ಮೆತ್ತಗೆ ಶಾಟ್ ಹಾಕ್ತಾನೆ. ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ಅವನು ರಿಮ್ ಕಡೆ ಓಡಿದ್ದರೆ ಮೂಲೆಯಲ್ಲಿರುವ ಡಿಫೆಂಡರ್ ಒಳಗೆ ಬರಲೇಬೇಕಾಗಿತ್ತು, ಮೂಲೆಯಲ್ಲಿ ತ್ರೀ ಓಪನ್ ಆಗುತ್ತಿತ್ತು. ಓಡದಿದ್ದರೆ ಯಾರೂ ಬರಲ್ಲ.

ನನ್ನ ಆಯ್ಕೆ ಡೇನಿಯಲ್ ಗ್ಯಾಫರ್ಡ್. ಡಾಲಸ್‌ನಲ್ಲಿ ಡೇವಿಸ್, ಲೈವ್ಲಿ, ಗ್ಯಾಫರ್ಡ್ ಮೂವರೂ ಇದ್ದಾರೆ, ಜಾಗ ಸಾಲಲ್ಲ. 2024ರ ಮಾರ್ಚ್‌ನಲ್ಲಿ ಅವನು ಒಂದೂ ಮಿಸ್ ಮಾಡದೆ ಸತತ 33 ಶಾಟ್ ಹಾಕಿದ್ದ, ವಿಲ್ಟ್ ಚೇಂಬರ್ಲೇನ್‌ನ ದಾಖಲೆಗೆ ಎರಡು ಕಡಿಮೆ. ಅದರಲ್ಲಿ ಲೂಕಾ ರಿಮ್ ಹತ್ತಿರ ಎತ್ತರಕ್ಕೆ ಎಸೆದ ಲಾಬ್‌ಗಳು ಎಷ್ಟಿದ್ದವು ಅಂತ ವಿಡಿಯೋ ನೋಡಿ.

ಬೆಟಗೇರಿ_ಜಮಾಖರ್ಚು, ಗದಗ

ಸಪ್ತಾಪುರದವರ ಮಾತು ಆಟದ ಮಟ್ಟಿಗೆ ಸರಿ. ದುಡ್ಡಿನ ಲೆಕ್ಕ ಬೇರೆ ಹೇಳುತ್ತೆ ರೀ.

ಮುಂದಿನ ಸೀಸನ್‌ಗೆ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳದ ಮಿತಿ, 15.46 ಕೋಟಿ ಡಾಲರ್. ಲೆಬ್ರಾನ್ ನಿನ್ನೆ ಇನ್ನೊಂದು ವರ್ಷ ಉಳಿಯುವ ತನ್ನ ಆಪ್ಷನ್ ಒಪ್ಪಿಕೊಂಡ, 5.26 ಕೋಟಿ. ಲೂಕಾಗೆ 4.6 ಕೋಟಿ. ಇಬ್ಬರಿಗೇ 10 ಕೋಟಿ ಹತ್ತಿರ ಹೋಯ್ತು. ರೀವ್ಸ್, ಹಾಚಿಮುರಾ, ವಿನ್ಸೆಂಟ್, ಕ್ಲೀಬರ್, ವ್ಯಾಂಡರ್ಬಿಲ್ಟ್, ನೆಕ್ಟ್ ಇವರನ್ನೆಲ್ಲ ಸೇರಿಸಿ, 16.9 ಕೋಟಿ ಆಗುತ್ತೆ. ಅಂದರೆ ಕ್ಯಾಪ್ ದಾಟಿ ಆಯ್ತು. ಇನ್ನು ಹೊರಗಿನವರನ್ನು ತರಲು ಇರುವ ದೊಡ್ಡ ದಾರಿ ಮಿಡ್ ಲೆವೆಲ್ ಅನ್ನೋ ವಿನಾಯಿತಿ, 1.41 ಕೋಟಿ. ಅದನ್ನು ಪೂರ್ತಿ ಮುಟ್ಟಿದರೆ ಫಸ್ಟ್ ಏಪ್ರನ್ ಅಂತ ಒಂದು ಗೆರೆ ಇದೆ, 19.59 ಕೋಟಿ. ಸೀಸನ್ ಮುಗಿಯುವವರೆಗೂ ಒಂದು ಡಾಲರ್ ಕೂಡ ಅದನ್ನು ದಾಟುವಂತಿಲ್ಲ. ಕಂತಿನಲ್ಲಿ ಕಟ್ಟುತ್ತೇನೆ, ಆಮೇಲೆ ನೋಡೋಣ ಅನ್ನೋ ಮಾತು ಅಲ್ಲಿ ನಡೆಯಲ್ಲ.

ಈಗ ಗ್ಯಾಫರ್ಡ್. ಅವನ ಸಂಬಳ 1.44 ಕೋಟಿ. ವಿನ್ಸೆಂಟ್ ಮತ್ತು ನೆಕ್ಟ್ ಇಬ್ಬರನ್ನು ಕೊಟ್ಟರೆ ಸಂಬಳ ತಾಳೆ ಆಗುತ್ತೆ. ಆದರೆ ಡಾಲಸ್‌ನವರು ಯಾಕೆ ಒಪ್ತಾರೆ? ಲೂಕಾನನ್ನು ಮಾರಿದ್ದಕ್ಕೆ ಅವರ ಅಭಿಮಾನಿಗಳು ತಿಂಗಳುಗಟ್ಟಲೆ ಮ್ಯಾನೇಜರ್ ನಿಕೋನನ್ನು ಕಿತ್ತುಹಾಕಿ ಅಂತ ಸ್ಟೇಡಿಯಂನಲ್ಲಿ ಕೂಗಿದರು. ಈಗ ಲೂಕಾನ ಹಳೇ ಜೋಡಿಯನ್ನೂ ಅವನಿಗೇ ಕಳಿಸಿಕೊಟ್ಟರೆ ಆ ಮನುಷ್ಯ ಊರಲ್ಲಿ ಓಡಾಡೋದು ಹೇಗೆ? ಕೊಟ್ಟರೂ ಫಸ್ಟ್ ರೌಂಡ್ ಪಿಕ್ ಕೇಳಿಯೇ ಕೇಳ್ತಾರೆ.

ಪಿಕ್ ವಿಷಯ ಇನ್ನೂ ಬಿಗಿ. 2027ರದ್ದು ಯೂಟಾಗೆ ಹೋಗಿದೆ, 2029ರದ್ದು ಡಾಲಸ್‌ಗೆ. ಬೆನ್ನುಬೆನ್ನಿಗೆ ಎರಡು ವರ್ಷದ ಫಸ್ಟ್ ರೌಂಡ್ ಕೊಡಬಾರದು ಅನ್ನೋ ನಿಯಮ ಇದೆ. ಹಾಗಾಗಿ ಕೈಲಿ ಉಳಿದಿರೋದು ಒಂದೇ, 2031 ಅಥವಾ 2032. ಮನೆಯಲ್ಲಿ ಉಳಿದ ಕೊನೇ ತೊಲೆ ಬಂಗಾರ ಅದು. ಮೂವತ್ತು ನಿಮಿಷ ಆಡುವ ಸೆಂಟರ್‌ಗಾಗಿ ಅದನ್ನು ಅಡವಿಡೋದಾ?

ಏಟನ್ ತನ್ನ 3.55 ಕೋಟಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟರೂ ಉಳಿದದ್ದನ್ನು ಪೋರ್ಟ್‌ಲ್ಯಾಂಡ್‌ನವರೇ ಕೊಡ್ತಾರೆ. ಹೀಗಾಗಿ ಅವನು ಮಿಡ್ ಲೆವೆಲ್‌ನ ಒಂದು ಭಾಗಕ್ಕೇ ಬರಬಹುದು. ಉಳಿದ ಭಾಗದಲ್ಲಿ ಇನ್ನೊಬ್ಬ ವಿಂಗ್ (ಅಂಕಣದ ಬದಿಯಲ್ಲಿ ಆಡುವವನು) ಸಿಗ್ತಾನೆ. ನಮ್ಮ ವಿಂಗ್ ಫಿನ್ನಿ-ಸ್ಮಿತ್ ತನ್ನ ಆಪ್ಷನ್ ಬೇಡ ಅಂದ ಮೇಲೆ ಅದೂ ಬೇಕೇ ಬೇಕು.

ಬ್ಯಾಡಗಿ_ಸೆಲ್ಟಿಕ್, ಹಾವೇರಿ ಜಿಲ್ಲೆ

ಲೇಕರ್ಸ್ ಜನರ ಕಷ್ಟ ನೋಡಿ ಹೊಟ್ಟೆ ತಣ್ಣಗಾಯ್ತು. ಆದರೆ ನಗುವ ಸ್ಥಿತಿಯಲ್ಲಿ ನಾನೂ ಇಲ್ಲ. ಹೋದ ವರ್ಷ ಕಪ್ ಗೆದ್ದ ಬಾಸ್ಟನ್ ಸೆಲ್ಟಿಕ್ಸ್ ನಮ್ಮದು, ಸೆಕೆಂಡ್ ಏಪ್ರನ್ (ಫಸ್ಟ್ ಏಪ್ರನ್‌ಗಿಂತ ಮೇಲಿನ ಗೆರೆ) ದೆಸೆಯಿಂದ ಹಾಲಿಡೇಯನ್ನೂ ಪೋರ್ಜಿಂಗಿಸ್‌ನನ್ನೂ ಕಳಿಸಿಬಿಟ್ಟರು. ಟೇಟಮ್‌ಗೆ ಹಿಮ್ಮಡಿಯ ಸ್ನಾಯುರಜ್ಜು ಹರಿದಿದೆ.

ಒಂದು ಹೆಸರು ಯಾರೂ ಹೇಳಿಲ್ಲ ಅಂತ ಬಂದೆ. ಲ್ಯೂಕ್ ಕೊರ್ನೆಟ್, ಏಳಡಿ, ಫ್ರೀ ಏಜೆಂಟ್. ಕಳೆದ ಸೀಸನ್ ಮಿನಿಮಮ್ ಸಂಬಳಕ್ಕೆ ಆಡಿದ. ನ್ಯೂಯಾರ್ಕ್ ವಿರುದ್ಧ ಐದನೇ ಪಂದ್ಯದಲ್ಲಿ ಟೇಟಮ್ ಇಲ್ಲ, ಪೋರ್ಜಿಂಗಿಸ್‌ಗೆ ಉಸಿರೇ ಹತ್ತುತ್ತಿಲ್ಲ, ಇವನು ಬಂದು 7 ಬ್ಲಾಕ್ ಮಾಡಿದ. ಶಾಟ್ ಕೇಳಲ್ಲ, ಮುನಿಸಿಕೊಳ್ಳಲ್ಲ, ಸಪ್ತಾಪುರ ಸರ ಹೇಳಿದ ಸ್ಕ್ರೀನ್ ಹಾಗೇ ಕೊಡ್ತಾನೆ. ನಮ್ಮಲ್ಲೇ ಉಳಿಯಲಿ ಅಂತ ದೇವರಲ್ಲಿ ಬೇಡ್ತೀನಿ. ಹೋಗೋದೇ ಆದರೆ ಲೇಕರ್ಸ್‌ಗೆ ಮಾತ್ರ ಬೇಡ.

ಗೋಕುಲರೋಡ್_ಲೇಕರ್, ಹುಬ್ಬಳ್ಳಿ

ಬ್ಯಾಡಗಿಯವರು ಖಾರ ಹಾಕಿದರೂ ಕೆಲಸಕ್ಕೆ ಬರೋ ಮಾತು ಹೇಳಿದರು. ಕೊರ್ನೆಟ್ ಹತ್ತು ಹದಿನೈದು ನಿಮಿಷಕ್ಕೆ ಚಿನ್ನ. ಆದರೆ ಗೊಬೇರ್, ಯೋಕಿಚ್ ಎದುರು ಪ್ಲೇಆಫ್ ಪೂರ್ತಿ ಅವನೊಬ್ಬನ ಮೇಲೆ ಭಾರ ಹಾಕೋಕಾಗಲ್ಲ.

ಸಪ್ತಾಪುರ ಸರ, ಏಟನ್ ಓಡಲ್ಲ ಅನ್ನೋದು ಪೋರ್ಟ್‌ಲ್ಯಾಂಡ್‌ನ ಏಟನ್ ಬಗ್ಗೆ ನಿಜ. 2021ರಲ್ಲಿ ಫೀನಿಕ್ಸ್‌ನಲ್ಲಿ ಕ್ರಿಸ್ ಪಾಲ್ ಜೊತೆ ಆಡುವಾಗ ಓಡುತ್ತಿದ್ದ. ಕ್ಲಿಪ್ಪರ್ಸ್ ವಿರುದ್ಧ ಒಂದು ಸೆಕೆಂಡ್ ಕೂಡ ಉಳಿದಿರಲಿಲ್ಲ. ಕ್ರೌಡರ್ ಹೊರಗಿನಿಂದ ರಿಮ್ ಮೇಲೆ ಎಸೆದ, ಇವನು ಹಾರಿ ಡಂಕ್ ಮಾಡಿದ, 104-103. ಆ ತಂಡ ಫೈನಲ್‌ಗೆ ಹೋಯಿತು. ಒಳ್ಳೆಯ ಪಾಸ್ ಕೊಡುವವನು ಸಿಕ್ಕರೆ ಕಾಲು ತಾನಾಗಿ ಓಡುತ್ತವೆ ಅಂತ ನನ್ನ ಲೆಕ್ಕ. ಲೂಕಾಗಿಂತ ಚೆನ್ನಾಗಿ ಪಾಸ್ ಕೊಡುವವರು ಲೀಗ್‌ನಲ್ಲಿ ಎಷ್ಟು ಜನ ಇದ್ದಾರೆ?

ನನ್ನ ತೀರ್ಮಾನ ಇದು. ಮಿಡ್ ಲೆವೆಲ್‌ನ ಅರ್ಧ ಕೊಟ್ಟು ಏಟನ್, ಉಳಿದರ್ಧಕ್ಕೆ ವಯಸ್ಸು ಕಡಿಮೆ ಇರೋ ವಿಂಗ್. ಪಿಕ್ ಮುಟ್ಟೋದು ಬೇಡ. ಹಾಚಿಮುರಾ, ವಿನ್ಸೆಂಟ್, ಕ್ಲೀಬರ್ ಮೂವರ ಕಾಂಟ್ರಾಕ್ಟ್ ಮುಂದಿನ ಬೇಸಿಗೆಗೆ ಮುಗಿಯುತ್ತೆ. ಫೆಬ್ರವರಿಯಲ್ಲಿ ಆ ಪಿಕ್ ಜೊತೆ ಇವರನ್ನು ಕಟ್ಟಿ ನಿಜವಾದ ಡಿಫೆಂಡರ್ ಒಬ್ಬನನ್ನು ಕೇಳೋಣ. ಅಷ್ಟರಲ್ಲಿ ಏಟನ್ ಓಡ್ತಾನೋ ಇಲ್ಲವೋ ಅನ್ನೋದೂ ಗೊತ್ತಾಗಿರುತ್ತೆ. ಓಡದಿದ್ದರೆ ಕೆಸ್ಲರ್‌ಗೆ ಕೊಡೋಕೆ ಪಿಕ್ ಕೈಲೇ ಇರುತ್ತೆ.

ಸಪ್ತಾಪುರ_ಪಾಯಿಂಟ್‌ಗಾರ್ಡ್, ಧಾರವಾಡ

ಪಿಕ್ ಉಳಿಸೋದಕ್ಕೆ ನನ್ನ ಓಟೂ ಇದೆ. ಏಟನ್‌ಗೆ ಇಲ್ಲ. ಆ ಡಂಕ್ ಆಗಿ ನಾಲ್ಕು ವರ್ಷ ಆಯ್ತು ಅಣ್ಣಾ.

ತಂದರೂ ಒಂದು ಷರತ್ತು: ಹೇಯ್ಸ್‌ನ ಬಿಡಬೇಡಿ. ಮಿನಿಮಮ್‌ಗೆ ಬರ್ತಾನೆ, ಪೆದ್ದು ಫೌಲ್ ಮಾಡ್ತಾನೆ, ಆದರೆ ಲಾಬ್ ಎಸೆದರೆ ಹಾರ್ತಾನೆ. ಏಟನ್ ಮುಖ ಗಂಟು ಹಾಕಿಕೊಂಡು ಆಡಿದ ರಾತ್ರಿ ಅವನೇ ಬೇಕಾಗ್ತಾನೆ.

ಬೆಟಗೇರಿ_ಜಮಾಖರ್ಚು, ಗದಗ

ಹೇಯ್ಸ್ ಮಿನಿಮಮ್‌ಗೆ ಬಂದರೆ ಲೆಕ್ಕ ಕೂಡುತ್ತೆ. ಮಿನಿಮಮ್‌ಗಿಂತ ಜಾಸ್ತಿ ಕೇಳಿದರೆ ಗೆರೆ ಹತ್ತಿರ ಬರುತ್ತೆ, ಆಗ ವ್ಯಾಂಡರ್ಬಿಲ್ಟ್‌ನ 1.16 ಕೋಟಿ ಯಾರ ತಲೆಗೆ ಕಟ್ಟೋದು ಅಂತ ನೋಡಬೇಕು. ಅವನ ಕಾಂಟ್ರಾಕ್ಟ್ ಇನ್ನೂ ವರ್ಷಗಟ್ಟಲೆ ಇದೆ, ಪಿಕ್ ಇಲ್ಲದೆ ಯಾರೂ ತಗೊಳ್ಳಲ್ಲ. ಅದಕ್ಕೆ ಯಾರ ಹತ್ತಿರ ಐಡಿಯಾ ಇದೆ?