ಜಿಡಿಎ ತರಬೇತಿಗೆ ಸೇರುತ್ತಿದ್ದೇನೆ, ಅನುಭವ ಇರುವವರು ಹೇಳಿ

ಪಿಯುಸಿ ಮುಗಿಸಿದ್ದೇನೆ, ಊರು ಹಾವೇರಿ ಹತ್ತಿರ. ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ನೆರವಾಗುವ ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ತರಬೇತಿಗೆ ಸೇರಬೇಕು ಅಂತಿದ್ದೇನೆ. ಶುರುವಿನಲ್ಲಿ ಯಾವುದು ಮುಖ್ಯ? ರೋಗಿಗಳ ಮಲ ಮೂತ್ರ ತೆಗೆಯೋದು ನೆನೆಸಿಕೊಂಡರೆ ಭಯ ಆಗುತ್ತದೆ.

ಉತ್ತರ 1

ತಂಗಿ, ಫೀಸು ಕಟ್ಟುವ ಮುಂಚೆ ಒಂದು ಮಾತು. ಜಿಡಿಎ ಮಾಡಿದರೆ ನರ್ಸ್ ಆಗೋದಿಲ್ಲ. ಕೆಲವೇ ತಿಂಗಳಲ್ಲಿ ನರ್ಸ್ ಮಾಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡ. ಅದಕ್ಕೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ ಅಥವಾ ಬಿಎಸ್ಸಿ ನರ್ಸಿಂಗ್ 4 ವರ್ಷ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಜಿಡಿಎ ಬೇರೆಯದೇ ಕೆಲಸ. ಹಳ್ಳಿಯ 15ರಿಂದ 35 ವರ್ಷದವರಿಗೆ ಕೇಂದ್ರ ಸರ್ಕಾರದ ಕೌಶಲ ತರಬೇತಿ ಯೋಜನೆ ಡಿಡಿಯು-ಜಿಕೆವೈಯಲ್ಲಿ ಉಚಿತ ತರಬೇತಿಗಳಿವೆ, ಅದರಲ್ಲಿ ಜಿಡಿಎ ಎಲ್ಲಿ ನಡೀತಿದೆ ಅಂತ ಮೊದಲು ವಿಚಾರಿಸು.

ಇನ್ನು ನಿನ್ನ ಭಯ. ಬೆಡ್‌ಪ್ಯಾನ್ ಕೊಡೋದು, ಡೈಪರ್ ಬದಲಿಸೋದು ಬೇಗ ಅಭ್ಯಾಸ ಆಗುತ್ತದೆ. ನಿನಗಿಂತ ಜಾಸ್ತಿ ನಾಚಿಕೆ ಪಡುವವರು ಮಲಗಿರುವವರು, ಅಲ್ವಾ? ಪರದೆ ಎಳೆದು, 'ಅಜ್ಜಿ, ಈಗ ಮಗ್ಗಲು ತಿರುಗಿಸ್ತೀನಿ' ಅಂತ ಹೇಳಿ ಆಮೇಲೆ ಮುಟ್ಟು. ಬಟ್ಟೆ ಬೇಕಾದಷ್ಟೇ ಸರಿಸು.

ನಾನು ಎಲ್ಲಕ್ಕಿಂತ ಮುಖ್ಯ ಅನ್ನೋದು ಈ ಮಗ್ಗಲು ಬದಲಿಸುವ ಕೆಲಸವನ್ನೇ. ಲಕ್ವ ಹೊಡೆದವರು, ಎದ್ದೇಳಲಾಗದವರು ಒಂದೇ ಕಡೆ ಮಲಗಿದ್ದರೆ ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಇಂಥ ಕಡೆ ರಕ್ತ ಓಡದೆ ಚರ್ಮ ಸಾಯುತ್ತಾ ಬರುತ್ತದೆ. ಅದೇ ಬೆಡ್‌ಸೋರ್. ಸಾಮಾನ್ಯವಾಗಿ 2 ಗಂಟೆಗೊಮ್ಮೆ ತಿರುಗಿಸಲು ಹೇಳುತ್ತಾರೆ, ರಾತ್ರಿ ಪಾಳಿಯಲ್ಲೂ ತಪ್ಪಿಸುವ ಹಾಗಿಲ್ಲ. ಪ್ರತಿ ಸಲ ಬೆನ್ನು ನೋಡು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗಲೂ ಕೆಂಪು ಹೋಗದಿದ್ದರೆ ತಕ್ಷಣ ಸಿಸ್ಟರ್‌ಗೆ ಹೇಳು, ಉಜ್ಜಬೇಡ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣೋದಿಲ್ಲ, ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಮುಟ್ಟಿ ನೋಡಬೇಕು. ಹುಣ್ಣು ಆಗದ ಹಾಗೆ ನೋಡಿಕೊಳ್ಳೋದು ನಿನ್ನ ಕೈಯಲ್ಲಿ ತುಂಬಾ ಇದೆ, ಆದ ಮೇಲೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು.

ಭಾರ ಇರುವವರನ್ನು ಒಬ್ಬಳೇ ಎಳೆಯಬೇಡ. ಇನ್ನೊಬ್ಬರನ್ನು ಕರೆದು, ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆ (ಡ್ರಾ ಶೀಟ್) ಹಿಡಿದು ಇಬ್ಬರೂ ಒಟ್ಟಿಗೆ ಸರಿಸಿ. ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ. ಈ ಕೆಲಸದಲ್ಲಿ ಬೆನ್ನುನೋವು ತುಂಬಾ ಜನರಿಗೆ ಬರುತ್ತದೆ.

ಉತ್ತರ 2

ಮೇಲಿನ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ವಾರ್ಡಿಗೆ ಹೋಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸ್: ಮೊದಲನೆಯದು, 1 ತಿಂಗಳಿಗೆ ಇನ್ನೊಂದು, 6ನೇ ತಿಂಗಳಿಗೆ ಕೊನೆಯದು. ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ, ಸೋಪು ನೀರಿನಲ್ಲಿ ತೊಳೆದು ಆಗಲೇ ಇನ್‌ಚಾರ್ಜ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಿದ್ದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಕಸದ ಡಬ್ಬಿ ಬಣ್ಣ ಬಾಯಿಪಾಠ ಆಗಲಿ: ರಕ್ತ ಹತ್ತಿದ ಹತ್ತಿ ಹಳದಿಗೆ, ಗ್ಲೌಸ್ ಮತ್ತು ಟ್ಯೂಬ್ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ.

ಉತ್ತರ 3

ನಾನು ಮನೆ ಕೇರ್ ಮಾಡುತ್ತೇನೆ, ಅಂದರೆ ರೋಗಿಯ ಮನೆಯಲ್ಲೇ ಇದ್ದು ನೋಡಿಕೊಳ್ಳೋದು. ಮನೆಯವರು 'ಒಂದು ಇಂಜೆಕ್ಷನ್ ಹಾಕಿಬಿಡಿ' ಅಂತ ಒತ್ತಾಯ ಮಾಡುತ್ತಾರೆ. ಅದು ನಿಮ್ಮ ಕೆಲಸ ಅಲ್ಲ, ಏನಾದರೂ ಆದರೆ ನಿಮ್ಮ ಮೇಲೆ ಬರುತ್ತದೆ. ಬೇಡ ಅಂತ ನೇರವಾಗಿ ಹೇಳಿ. ಪಾತ್ರೆ, ಅಡುಗೆ, ಇಡೀ ಮನೆ ಗುಡಿಸೋದನ್ನೂ ತಲೆಗೆ ಕಟ್ಟುವವರಿದ್ದಾರೆ. ಹಾಗಾಗಿ ಯಾವ ಕೆಲಸ, ಎಷ್ಟು ಗಂಟೆ, ರಾತ್ರಿ ಮಲಗಲು ಜಾಗ ಎಲ್ಲಿ, ಇವನ್ನು ಒಪ್ಪಿಕೊಳ್ಳುವ ಮುಂಚೆಯೇ ಏಜೆನ್ಸಿಯಿಂದ ಬರೆಸಿಕೊಳ್ಳಿ.