ಒಂದೇ ಮೈಕ್ರೋಪಬ್, ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ವಿನೆಗರ್: ಯಾರ ಮಾತು ನಂಬೋದು?

ಮೆಡ್‌ವೇ ಮಂಜು:

ಇಂಗ್ಲೆಂಡಿನ ಕೆಂಟ್ ಕಡೆಯ ಒಂದು ಪುಟ್ಟ ಮೈಕ್ರೋಪಬ್‌ಗೆ ಮುಂದಿನ ತಿಂಗಳು ನಾಲ್ಕು ಜನ ಹೋಗೋಣ ಅಂತಿದ್ದೇವೆ. ಮೂವತ್ತು ಜನ ಕೂತರೆ ತುಂಬಿಹೋಗುವ ಜಾಗ, ನಾಲ್ಕು ಹ್ಯಾಂಡ್‌ಪಂಪು, ರಿಯಲ್ ಏಲ್ (ಪೀಪಾಯಿಯಲ್ಲೇ ಹದಕ್ಕೆ ಬರುವ ಬಿಯರು) ಮಾತ್ರ. ಹೋಗಿಬಂದವರ ಅಭಿಪ್ರಾಯ ಓದಿದರೆ ತಲೆ ಕೆಡುತ್ತೆ. "ಸುತ್ತಮುತ್ತ ಎಲ್ಲೂ ಇಷ್ಟು ಒಳ್ಳೆ ಬಿಟರ್ ಇಲ್ಲ" ಅಂತ ಒಬ್ಬರು (ಬಿಟರ್ ಅಂದರೆ ಒಂದು ಬಗೆಯ ಏಲ್). ಅದೇ ವಾರ ಇನ್ನೊಬ್ಬರಿಗೆ ಅದು ಬೆಚ್ಚಗಿನ, ಗ್ಯಾಸೇ ಇಲ್ಲದ ಸಪ್ಪೆ ನೀರು. ಮೂರನೆಯವರಿಗೆ ಹುಳಿ. ನಾಲ್ಕನೆಯವರಿಗೆ ಗ್ಲಾಸು ಕದಡಿತ್ತಂತೆ. ಐದನೆಯವರು ಲಾಗರ್ (ತಣ್ಣಗೆ ಕೊಡುವ ಮಾಮೂಲಿ ಗ್ಯಾಸಿನ ಬಿಯರು) ಇಲ್ಲ, ಟೀವಿ ಇಲ್ಲ, ಊಟ ಇಲ್ಲ, ಒಂಬತ್ತೂವರೆಗೇ ಬಾಗಿಲು ಹಾಕಿದ್ರು ಅಂತ ಒಂದೇ ಸ್ಟಾರ್ ಕೊಟ್ಟಿದ್ದಾರೆ.

ಇದರಲ್ಲಿ ಯಾವುದು ಪಬ್‌ನ ತಪ್ಪು, ಯಾವುದು ರಿಯಲ್ ಏಲ್‌ನ ಗುಣ? ಯಾವ ದಿನ ಹೋದರೆ ಒಳ್ಳೇದು? ನಮ್ಮಲ್ಲೊಬ್ಬರು ಅಪ್ಪಟ ಸಸ್ಯಾಹಾರಿ. ಬಿಯರಿಗೆ ಮೀನಿನದ್ದೇನೋ ಹಾಕ್ತಾರೆ ಅಂತಾರಲ್ಲ, ಅದು ನಿಜವಾ?

ಪೀಪಾಯಿ ಪಂಡಿತ:

ಮಂಜು ಅವರೇ, ನೀವು ಹೇಳಿದ್ದರಲ್ಲಿ ಹುಳಿ ಒಂದೇ ಹೆಚ್ಚುಕಡಿಮೆ ಖಚಿತವಾಗಿ ಪಬ್‌ನ ತಪ್ಪು (ಹುಳಿ ಬರಲಿ ಅಂತಲೇ ಮಾಡುವ ಬಿಯರುಗಳಿವೆ, ಅವುಗಳ ಮಾತು ಬೇರೆ). ಉಳಿದದ್ದಕ್ಕೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಬಿಯರು ಅಂತ ಗೊತ್ತಿಲ್ಲದೆ ತೀರ್ಪು ಕೊಡೋಕಾಗಲ್ಲ.

ಕೆಗ್ ಲಾಗರ್ ಬ್ರೂವರಿಯಲ್ಲೇ ಸೋಸಿ, ಗ್ಯಾಸು ಕೂಡಿಸಿ, ಮುಗಿಸಿ ಕಳಿಸಿದ ಮಾಲು. ಪಬ್‌ನವರು ನಲ್ಲಿ ತಿರುಗಿಸಿದರಾಯಿತು. ಕ್ಯಾಸ್ಕ್ ಏಲ್‌ನಲ್ಲಿ (ಅಂದರೆ ನಿಮ್ಮ ರಿಯಲ್ ಏಲ್‌ನಲ್ಲಿ) ಯೀಸ್ಟ್ ಇನ್ನೂ ಜೀವಂತ, ಕೊನೆಯ ಹದ ಬರೋದು ಪಬ್‌ನ ಸೆಲ್ಲರಿನಲ್ಲಿ (ಪೀಪಾಯಿ ಇಡುವ ತಂಪು ಕೋಣೆ). ಪೀಪಾಯಿ ಬಂದ ಮೇಲೆ ಅದನ್ನು ಸ್ಟಿಲೇಜ್ ಅನ್ನೋ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ, ಅಲುಗಾಡದಂತೆ ಬಿಗಿಮಾಡಿ, ಸೆಲ್ಲರಿನ ತಂಪಿಗೆ ಬರುವ ತನಕ ಬಿಡಬೇಕು. ಮೇಲುಗಡೆಯ ಬಿರಡೆ ಶೈವ್, ಮುಂದುಗಡೆಯದು ಕೀಸ್ಟೋನ್. ಶೈವ್‌ನ ನಡುವಿಗೆ ಗಾಳಿಯಾಡುವ ಮೆದು ಮರದ ಬೆಣೆಯನ್ನು, ಅಂದರೆ ಸ್ಪೈಲನ್ನು, ಕೊಡತಿಯಲ್ಲಿ ಹೊಡೆದರೆ ಹೆಚ್ಚಾದ ಗ್ಯಾಸು ನೊರೆಯಾಗಿ ಹೊರಗೆ ಬರುತ್ತೆ. ಒರೆಸಿದ ಮೇಲೆ ನೊರೆ ಮತ್ತೆ ಏಳದಿದ್ದರೆ ಗಟ್ಟಿ ಸ್ಪೈಲ್ ಹಾಕಿ ಮುಚ್ಚಿ, ಗಷ್ಟು ತಳಕ್ಕಿಳಿಯಲು ಸುಮಾರು ಒಂದು ದಿನ ಬಿಡಬೇಕು. ಬೇಗ ಮುಚ್ಚಿದರೆ ಗ್ಲಾಸಿನ ತುಂಬ ನೊರೆ, ಹೊತ್ತು ಮೀರಿದರೆ ಸಪ್ಪೆ. ಮಾರುವಾಗ ಸ್ಪೈಲ್ ಸಡಿಲಿಸಿ ಗಾಳಿ ಒಳಗೆ ಬಿಡಬೇಕು, ಇಲ್ಲದಿದ್ದರೆ ಪಂಪ್ ಎಳೆದರೂ ಬಿಯರು ಬರಲ್ಲ. ರಾತ್ರಿ ಬಾಗಿಲು ಹಾಕುವಾಗ ಗಟ್ಟಿ ಸ್ಪೈಲ್ ವಾಪಸ್ ಬಿಗಿಯಬೇಕು. ಇದೊಂದು ಮರೆತರೆ ಮಾರನೇ ದಿನದವರ "ಗ್ಯಾಸೇ ಇಲ್ಲ" ಅನ್ನೋ ದೂರು ನೂರಕ್ಕೆ ನೂರು ನಿಜ.

ಒಳಗೆ ಹೋದ ಆ ಗಾಳಿಯೇ ಮುಂದೆ ಶತ್ರು. ಆಮ್ಲಜನಕ ಸಿಕ್ಕ ಬ್ಯಾಕ್ಟೀರಿಯಾ ಆಲ್ಕೊಹಾಲನ್ನು ವಿನೆಗರ್ ಮಾಡುತ್ತೆ. ಬೆಳಿಗ್ಗೆ ಇಳಿಸಿದ ಶೇಂದಿ ಸಂಜೆಗೆ ಬೇರೆಯೇ ಆಗೋದಿಲ್ಲವೇ, ಇಲ್ಲಿ ಅದೇ ಕೆಲಸ ದಿನಗಟ್ಟಲೆ ನಿಧಾನವಾಗಿ ನಡೆಯುತ್ತೆ. ಅದಕ್ಕೇ ನಲ್ಲಿ ಹಾಕಿದ ಪೀಪಾಯಿ ಮೂರು ದಿನದಲ್ಲಿ ಖಾಲಿಯಾಗಬೇಕು ಅನ್ನೋ ನಿಯಮ.

ಈಗ ಲೆಕ್ಕ ಹಾಕಿ. ಸಾಮಾನ್ಯ ಪೀಪಾಯಿ ಫರ್ಕಿನ್: 9 ಗ್ಯಾಲನ್, 72 ಪೈಂಟ್, ಸುಮಾರು 41 ಲೀಟರು. ನಾಲ್ಕು ಪಂಪಿಗೆ 288 ಪೈಂಟ್. ಮೂರು ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ 96. ಮೂವತ್ತು ಸೀಟಿನ ಜಾಗದಲ್ಲಿ ಶುಕ್ರವಾರ, ಶನಿವಾರ ಇದು ಆಗುವ ಮಾತು. ಮಳೆ ಸುರಿಯೋ ಮಂಗಳವಾರ? ವಾರಾಂತ್ಯಕ್ಕೆ ತೆರೆದು ಉಳಿದುಹೋದ ಪೀಪಾಯಿಯ ಬಿಯರು ಬುಧವಾರದವರ ಗ್ಲಾಸಿಗೆ ಬರುತ್ತೆ. ನಿಮ್ಮ ಮೊದಲನೆಯವರೂ ಮೂರನೆಯವರೂ ಸುಳ್ಳು ಹೇಳ್ತಿಲ್ಲ, ಒಂದೇ ಪೀಪಾಯಿಯ ಎರಡು ವಯಸ್ಸು ಕುಡಿದಿದ್ದಾರೆ ಅಷ್ಟೇ. ಜಾಣ ಪಬ್‌ನವರು ವಾರದ ಮೊದಲಲ್ಲಿ ಎರಡೇ ಪಂಪ್ ನಡೆಸುತ್ತಾರೆ, ಇಲ್ಲವೇ 36 ಪೈಂಟಿನ ಪಿನ್ ತರಿಸುತ್ತಾರೆ. ನನ್ನ ಮಟ್ಟಿಗೆ, ಸಣ್ಣ ಪಬ್‌ನಲ್ಲಿ ಖಾಲಿ ವಾರದ ದಿನ ಆರು ಪಂಪಿನ ಮೇಲೂ ಬಿಯರಿನ ಹೆಸರಿನ ಬಿಲ್ಲೆ ನೇತಾಡ್ತಿದ್ದರೆ ಅದು ಹೆಮ್ಮೆಯ ವಿಷಯ ಅಲ್ಲ, ಎಚ್ಚರಿಕೆ.

"ಬೆಚ್ಚಗೆ" ಅನ್ನೋ ದೂರು: ಕ್ಯಾಸ್ಕ್ ಏಲ್ ಕೊಡಬೇಕಾದ್ದೇ 11ರಿಂದ 13 ಡಿಗ್ರಿಯಲ್ಲಿ. 4 ಡಿಗ್ರಿ ಲಾಗರ್ ಅಭ್ಯಾಸದ ನಾಲಿಗೆಗೆ ಇದು ಬೆಚ್ಚಗೇ. ಗ್ಯಾಸೂ ಲಾಗರಿನ ಅರ್ಧಕ್ಕಿಂತ ಕಡಿಮೆ. ಆದರೆ 16-17 ಡಿಗ್ರಿ ಆಗಿದ್ದರೆ ಅದು ನಿಜವಾದ ದೋಷ. ಮೈಕ್ರೋಪಬ್‌ಗಳು ಬಹುಪಾಲು ಹಳೆ ಅಂಗಡಿಗಳು, ನೆಲಮಾಳಿಗೆಯ ಸೆಲ್ಲರ್ ಇರಲ್ಲ. ಹಿಂದಿನ ಕೋಣೆಯನ್ನೇ ತಂಪು ಮಾಡಿರ್ತಾರೆ. ಅಲ್ಲಿಂದ ಪಂಪಿನವರೆಗಿನ ಪೈಪಿನಲ್ಲೂ ಪಂಪಿನ ಸಿಲಿಂಡರಿನಲ್ಲೂ ನಿಂತ ಬಿಯರು ಬೇಸಿಗೆಯಲ್ಲಿ ಬೇಗ ಕಾಯುತ್ತೆ. ರಾತ್ರಿಯಿಡೀ ನಿಂತದ್ದನ್ನು ಬೆಳಿಗ್ಗೆ ಎಳೆದು ಚೆಲ್ಲಬೇಕು. ಚೆಲ್ಲೋಕೆ ಕೈ ಬರದವರು ಅದನ್ನೇ ದಿನದ ಮೊದಲ ಗಿರಾಕಿಗೆ ಕೊಡ್ತಾರೆ. ಪೈಪನ್ನು ವಾರಕ್ಕೊಮ್ಮೆ ಔಷಧಿ ಹಾಕಿ ತೊಳೆಯದಿದ್ದರೂ ರುಚಿ ಕೆಡುತ್ತೆ.

ಕುಡ್ಲದ ಕಿಟ್ಟಣ್ಣ:

ಪಂಡಿತರು ಸೆಲ್ಲರ್ ಪೂರ್ತಿ ತೋರಿಸಿದರು. ನಾನು ಆ ಒಂದು ಸ್ಟಾರಿನವರ ಬಗ್ಗೆ ಹೇಳ್ತೇನೆ ಮಾರಾಯ್ರೆ. ಮೈಕ್ರೋಪಬ್ ಅನ್ನುವ ಕಲ್ಪನೆ ಹುಟ್ಟಿದ್ದೇ ಕೆಂಟ್‌ನ ಹರ್ನ್ ಎಂಬ ಊರಲ್ಲಿ. 2005ರಲ್ಲಿ ಮಾರ್ಟಿನ್ ಹಿಲಿಯರ್ ಅನ್ನುವವರು ಹಳೇ ಮಾಂಸದಂಗಡಿಯಲ್ಲಿ ಬುಚರ್ಸ್ ಆರ್ಮ್ಸ್ ತೆರೆದರು. ಆಗಷ್ಟೇ ಜಾರಿಗೆ ಬಂದ ಹೊಸ ಲೈಸೆನ್ಸ್ ಕಾಯಿದೆಯಿಂದ ಪುಟ್ಟ ಅಂಗಡಿಗೂ ಪರವಾನಗಿ ಪಡೆಯುವುದು ಸುಲಭವಾಗಿತ್ತು. ಕ್ಯಾಸ್ಕ್ ಏಲ್, ಮಾತುಕತೆ, ತಿನ್ನಲಿಕ್ಕೆ ಸಣ್ಣಪುಟ್ಟ ಏನಾದರೂ. ಸಂಗೀತ ಇಲ್ಲ, ಜೂಜಿನ ಮಷಿನ್ ಇಲ್ಲ. ಟೀವಿ ಇಲ್ಲ ಅಂತ ಅಲ್ಲಿ ಹೋಗಿ ದೂರುವುದು ಲೈಬ್ರರಿಯವರನ್ನು ಬೈದ ಲೆಕ್ಕ.

ಊಟ ಮಾಡಿಕೊಂಡೇ ಹೋಗಿ. ಅಲ್ಲಿ ಸಿಗುವುದು ಕ್ರಿಸ್ಪ್ಸ್, ಕಡಲೆಬೀಜ, ವಿನೆಗರಿನಲ್ಲಿಟ್ಟ ಮೊಟ್ಟೆ, ಪೋರ್ಕ್ ಪೈ ಇಂಥದ್ದು. ಎಷ್ಟೋ ಕಡೆ ಸೋಮವಾರ ರಜೆ, ಬಾಕಿ ದಿನವೂ ಬೇಗ ಮುಚ್ಚುತ್ತಾರೆ. ಮತ್ತೆ, ಅಪರಿಚಿತರು ಮಾತಿಗೆಳೆದೇ ಎಳೆಯುತ್ತಾರೆ. ನಾಲ್ವರೇ ಮೂಲೆಯಲ್ಲಿ ಗುಸುಗುಸು ಮಾಡುವ ಆಸೆ ಇದ್ದರೆ ಬೇರೆ ಪಬ್ ನೋಡಿ.

ಲೀಡ್ಸ್ ಲೋಕೇಶ:

ಗ್ಯಾಸಿಲ್ಲ ಅಂದವರು ನಮ್ಮ ಉತ್ತರ ಇಂಗ್ಲೆಂಡಿನವರಿರಬೇಕು. ಇಲ್ಲಿ ಪಂಪಿನ ಕೊಕ್ಕಿಗೆ ಸ್ಪಾರ್ಕ್ಲರ್ ಅಂತ ತೂತಿರೋ ಪುಟ್ಟ ಮುಚ್ಚಳ ತಿರುಪಿರ್ತಾರೆ. ಬಿಯರು ಅದರಲ್ಲಿ ನುಗ್ಗಿ ಬಂದು ದಪ್ಪ ಕೆನೆನೊರೆ ಕಟ್ಟುತ್ತೆ. ದಕ್ಷಿಣದಲ್ಲಿ ಅದನ್ನ ಹಾಕೋದು ಕಡಿಮೆ, ನೊರೆ ತೆಳ್ಳಗೆ. ಎಷ್ಟೋ ಮೈಕ್ರೋಪಬ್‌ಗಳಲ್ಲಿ ಪಂಪೇ ಇರಲ್ಲ, ಪೀಪಾಯಿಯ ನಲ್ಲಿಯಿಂದ ನೇರ ಗ್ಲಾಸಿಗೆ ಬಿಡ್ತಾರೆ, ಅಲ್ಲಿ ನೊರೆ ಇನ್ನೂ ಕಮ್ಮಿ. ಅದು ದೋಷ ಅಲ್ಲ, ಪ್ರಾಂತ್ಯದ ಪದ್ಧತಿ. ಹಾಪ್ (ಬಿಯರಿಗೆ ಕಹಿ, ಘಮ ಕೊಡೋ ಹೂವು) ಘಮ ಮುಖ್ಯ ಅನ್ನೋರು ಸ್ಪಾರ್ಕ್ಲರ್ ಅದನ್ನೆಲ್ಲ ಹೊಡೆದು ಹಾಕುತ್ತೆ ಅಂತಾರೆ. ನಾನು ಒಪ್ಪಲ್ಲ, ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ) ರುಚಿ ಮುಂದಿರೋ ಬಿಟರಿಗೆ ಅದು ಇರಲೇಬೇಕು.

ಅಳತೆಯ ಜಗಳವೂ ಇದರಿಂದಲೇ. ಅಂಚಿನವರೆಗೆ ಸರಿಯಾಗಿ ಒಂದು ಪೈಂಟ್ (568 ಮಿಲೀ) ಹಿಡಿಯೋ ಗ್ಲಾಸಾದರೆ ನೊರೆಯ ಜಾಗವೆಲ್ಲ ನಿಮ್ಮ ಜೇಬಿನದ್ದು. ನೊರೆ ಇಳಿದ ಮೇಲೆ ಕನಿಷ್ಠ 95% ಬಿಯರಿರಬೇಕು ಅನ್ನೋದು ಉದ್ಯಮದವರೇ ಒಪ್ಪಿರೋ ಮಾರ್ಗಸೂಚಿ. ಕಮ್ಮಿ ಅನಿಸಿದರೆ ಟಾಪ್-ಅಪ್ ಕೇಳಿ, ಬೇಸರ ಮಾಡ್ಕೊಳ್ಳಲ್ಲ. ಗೆರೆ ಇರೋ ದೊಡ್ಡ ಗ್ಲಾಸಿದ್ದರೆ ಬಿಯರು ಗೆರೆ ಮುಟ್ಟಿದೆಯಾ ನೋಡಿದರೆ ಸಾಕು.

ಹಾಪ್ಸ್ ಹೇಮಾ:

ಮೀನಿನ ವಿಷಯ ನಿಜ. ಐಸಿಂಗ್ಲಾಸ್ ಅಂತ, ಮೀನಿನ ಗಾಳಿಚೀಲದಿಂದ ತೆಗೆದದ್ದು. ಯೀಸ್ಟನ್ನು ಹಿಡಿದು ತಳಕ್ಕೆ ಎಳೆದೊಯ್ಯುವುದು ಇದರ ಕೆಲಸ. ಅದೂ ಬಹುಪಾಲು ಗಷ್ಟಿನ ಜೊತೆ ತಳದಲ್ಲೇ ಉಳಿಯುತ್ತದೆ, ಆದರೆ ಸಸ್ಯಾಹಾರಿಗೆ ಆ ಸಮಾಧಾನ ಸಾಲುವುದಿಲ್ಲ. ಪಂಪಿನ ಬಿಲ್ಲೆಯ ಮೇಲೆ ಅನ್‌ಫೈನ್ಡ್ (ಐಸಿಂಗ್ಲಾಸ್‌ನಂಥದ್ದೇನೂ ಹಾಕದ್ದು) ಅಥವಾ ವೀಗನ್ ಅಂತ ಇದೆಯಾ ನೋಡಿ, ಕೌಂಟರಿನಲ್ಲಿ ಕೇಳಿದರೂ ಹೇಳುತ್ತಾರೆ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಇರುತ್ತದೆ, ಅದು ನಿಮ್ಮವರಿಗೆ ನಡೆಯಬಹುದು.

ಕದಡಿದ ಗ್ಲಾಸಿಗೂ ಇದೇ ಕಾರಣ ಇರಬಹುದು: ಐಸಿಂಗ್ಲಾಸ್ ಹಾಕದ ಬಿಯರು ಸಾಮಾನ್ಯವಾಗಿ ಮಸುಕಾಗಿಯೇ ಇರುತ್ತದೆ. ಸೆಲ್ಲರ್ ತೀರಾ ತಣ್ಣಗಾದರೂ ಮಸುಕು ಬರುತ್ತದೆ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿದರೆ ತಿಳಿಯಾಗುತ್ತದೆ. ತಿಳಿಯಾಗದೆ, ಹಸಿ ಬ್ರೆಡ್ ಹಿಟ್ಟಿನ ವಾಸನೆಯೂ ಇದ್ದರೆ ಗಷ್ಟೇ ಎದ್ದು ಬಂದಿದೆ. ಪೀಪಾಯಿಯ ಕೊನೆಯಲ್ಲಿ ಹಿಂಭಾಗವನ್ನು ಎತ್ತುತ್ತಾರಲ್ಲ, ಅದನ್ನು ಧಡಕ್ಕನೆ ಎತ್ತಿದರೆ ಹೀಗಾಗುತ್ತದೆ. ಅಂಥದ್ದನ್ನು ಧಾರಾಳವಾಗಿ ವಾಪಸ್ ಕೊಡಿ.

ವಾಪಸ್ ಕೊಡುವುದಕ್ಕೂ ರೀತಿ ಇದೆ: ಎರಡು ಗುಟುಕಿನೊಳಗೆ ಕೊಡಬೇಕು, ಅರ್ಧ ಖಾಲಿ ಮಾಡಿ ಅಲ್ಲ. "ಇದು ಸ್ವಲ್ಪ ಹುಳಿಯಾಗಿದೆ, ನೋಡ್ತೀರಾ" ಅಂದರೆ ಸಾಕು. ಒಳ್ಳೆಯ ಪಬ್ ಆದರೆ ಮೂಸಿ ನೋಡಿ, ಬದಲಿಸಿ, ಆ ಪಂಪಿನ ಬಿಲ್ಲೆ ತಿರುಗಿಸಿಡುತ್ತಾರೆ. "ರಿಯಲ್ ಏಲ್ ಇರೋದೇ ಹೀಗೆ" ಅಂದರೆ ಗ್ಲಾಸಿಟ್ಟು ಹೊರಡಿ.

ಪಂಡಿತರಿಗೆ ಒಂದು ಮಾತು. ಮೂರು ದಿನದ ಲೆಕ್ಕ ಸರಿ, ಆದರೆ ಕ್ಯಾಸ್ಕ್ ಬ್ರೀದರ್ ಅನ್ನುವ ಸಲಕರಣೆ ಹಾಕಿದರೆ ಗಾಳಿಯ ಬದಲು ಮಾಮೂಲಿ ಒತ್ತಡದ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುತ್ತದೆ, ಇನ್ನೂ ಕೆಲವು ದಿನ ಸಿಗುತ್ತದೆ. ದಶಕಗಳ ಕಾಲ ಅದನ್ನು ವಿರೋಧಿಸಿದ್ದ, ರಿಯಲ್ ಏಲ್ ಪರ ಹೋರಾಡುವ ಕ್ಯಾಮ್ರಾ ಸಂಘಟನೆಯೇ 2018ರಲ್ಲಿ ತಟಸ್ಥವಾಯಿತು.

ಪೀಪಾಯಿ ಪಂಡಿತ:

ಬ್ರೀದರ್ ಹುಳಿಯನ್ನು ತಡೆಯುತ್ತೆ, ಒಪ್ಪಿದೆ. ಆದರೆ ತೆರೆದ ಮೊದಲ ದಿನದ ಬಿಯರಿಗೆ ಸ್ವಲ್ಪ ಗಾಳಿ ತಾಗಿ ಎರಡನೇ ದಿನ ಬರುವ ಆ ಮಾಗಿದ ರುಚಿ ಅದರಲ್ಲಿ ಬರಲ್ಲ. ದಿನಕ್ಕೆ ಇಪ್ಪತ್ತು ಪೈಂಟ್ ಹೋಗೋ ಕಡೆ ಇರಲಿ ಬಿಡಿ, ವಿನೆಗರಿಗಿಂತ ವಾಸಿ.

ಮಂಜು ಅವರೇ, ಅಭಿಪ್ರಾಯ ಓದುವಾಗ ಸ್ಟಾರ್ ಬಿಟ್ಟು ಬಿಯರಿನ ಹೆಸರು, ಹೋದ ದಿನ ಬರೆದವರನ್ನು ಮಾತ್ರ ನಂಬಿ. ಕ್ಯಾಮ್ರಾ ಸದಸ್ಯರು ಕೊಡುವ 0ರಿಂದ 5ರ ಅಂಕ ಹೆಚ್ಚು ಉಪಯುಕ್ತ, ಅದು ಕುರ್ಚಿಗಲ್ಲ, ಆ ದಿನ ಗ್ಲಾಸಿನಲ್ಲಿದ್ದ ಬಿಯರಿನ ಸ್ಥಿತಿಗೆ ಕೊಡುವ ಅಂಕ. 3 ಅಂದರೆ ಒಳ್ಳೆಯದು.

ಮೆಡ್‌ವೇ ಮಂಜು:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಶುಕ್ರವಾರ ರಾತ್ರಿ ಎಂಟಕ್ಕೆ ಸರಿಯಾ?

ಕುಡ್ಲದ ಕಿಟ್ಟಣ್ಣ:

ಎಂಟಕ್ಕೆ ಹೋದರೆ ನಿಂತುಕೊಂಡೇ ಕುಡಿಯಬೇಕು ಮಾರಾಯ್ರೆ. ಐದಕ್ಕೆ ಹೋಗಿ. "ಇವತ್ತು ತೆರೆದದ್ದು ಯಾವುದು, ನಿನ್ನೆಯದು ಯಾವುದು" ಅಂತ ಕೇಳಿ, ರುಚಿ ನೋಡಲಿಕ್ಕೆ ಒಂದು ಗುಟುಕು ಕೊಡ್ತಾರೆ. ಮೊದಲ ಸುತ್ತು ನಾಲ್ವರೂ ಬೇರೆ ಬೇರೆ ಬಿಯರಿನ ಅರ್ಧ ಪೈಂಟ್ ತೆಗೆದುಕೊಂಡು ಹಂಚಿ ನೋಡಿ, ಪೈಂಟ್ ಯಾವುದು ಅಂತ ಆಮೇಲೆ. ಕಾರು ಮಾತ್ರ ತಗೊಂಡು ಹೋಗಬೇಡಿ.